ರೆಕ್ಕೆಗೆ ನಿಷೇಧ; ಬಲೆಗೆ ಬೀಳುವ ಶಾರ್ಕ್‌ಗೆ ಯಾರ ಕಾವಲು?

2022ರ ಮಾರ್ಚ್ ತಿಂಗಳಲ್ಲಿ ಮಲ್ಪೆ ಬಂದರಿಗೆ ಮರಳಿದ ಮೀನುಗಾರಿಕಾ ಬೋಟೊಂದು ಅಪರೂಪದ ಮೀನನ್ನು ಹೊತ್ತು ತಂದಿತ್ತು. ಸುಮಾರು 250 ಕಿಲೋ ತೂಕ, ಹತ್ತು ಅಡಿಯಷ್ಟು ಉದ್ದ, ಮೂತಿಯಿಂದ ಮುಂದಕ್ಕೆ ಚಾಚಿಕೊಂಡ ಹಲ್ಲುಗಳುಳ್ಳ ಗರಗಸ. ಕ್ರೇನ್ ಬಳಸಿ ಅದನ್ನು ಎತ್ತುವುದನ್ನು ನೋಡಲು ಜನ ಮುಗಿಬಿದ್ದರು. ಮೊಬೈಲ್‌ಗಳಲ್ಲಿ ಸೆರೆಯಾದ ದೃಶ್ಯ ರಾಜ್ಯದೆಲ್ಲೆಡೆ ಹರಿದಾಡಿತು. ಬಳಿಕ ಮೀನು ಹರಾಜಾಯಿತು.

‘ಕಾರ್ಪೆಂಟರ್ ಶಾರ್ಕ್’ ಎಂಬ ಹೆಸರಿನಲ್ಲಿ ಸುದ್ದಿಯಾದ ಆ ಮೀನು ವಾಸ್ತವವಾಗಿ ಶಾರ್ಕ್ ಅಲ್ಲ. ಶಾರ್ಕ್‌ಗಳ ಹತ್ತಿರದ ಬಂಧುವಾದ ತೊರಕೆ ಮೀನುಗಳ ಗುಂಪಿಗೆ ಸೇರಿದ ಗರಗಸ ಮೀನು. ಒಂದು ಕಾಲದಲ್ಲಿ ಭಾರತದ ಎರಡೂ ಕರಾವಳಿಗಳಲ್ಲಿ ಕಾಣಸಿಗುತ್ತಿದ್ದ ಈ ಜೀವಿ ಇಂದು ಜಗತ್ತಿನ ಅತ್ಯಂತ ವಿನಾಶದಂಚಿನಲ್ಲಿರುವ ಮೀನುಗಳಲ್ಲೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ ಮತ್ತು ಆನೆಗಳಿರುವ ಪಟ್ಟಿಯಲ್ಲಿಯೇ ಅದಕ್ಕೂ ಸ್ಥಾನವಿದೆ. ಅದನ್ನು ಕೊಂದರೆ, ಮಾರಿದರೆ ಮೂರರಿಂದ ಏಳು ವರ್ಷಗಳ ಜೈಲು ಶಿಕ್ಷೆ ವಿಧಿಸಲು ಅವಕಾಶವಿದೆ. ಆದರೆ ಮಲ್ಪೆಯ ಮೀನುಗಾರರು ಅದನ್ನು ಬೇಟೆಯಾಡಲು ಹೋದವರಲ್ಲ. ಬೇರೆ ಮೀನಿಗೆಂದು ಬೀಸಿದ ಬಲೆಗೆ ಅದಾಗಿಯೇ ಬಂದು ಬಿದ್ದಿತ್ತು.

ಹುಲಿಯನ್ನು ಕೊಂದು ಪೇಟೆಯ ನಡುವೆ ಹರಾಜು ಹಾಕುವುದನ್ನು ಯಾರೂ ಊಹಿಸಲಾರರು. ಸಮುದ್ರದ ಹುಲಿಯ ವಿಷಯದಲ್ಲಿ ಅದು ಹಾಡುಹಗಲೇ, ಯಾರಿಗೂ ತಪ್ಪೆನಿಸದಂತೆ ನಡೆಯಿತು. ಕಳೆದ ಎರಡೂವರೆ ದಶಕಗಳಲ್ಲಿ ಶಾರ್ಕ್ ರಕ್ಷಣೆಗೆಂದು ಭಾರತದಲ್ಲಿಯೂ ಹೊರದೇಶಗಳಲ್ಲಿಯೂ ಬಂದ ಕಾನೂನುಗಳ ಸಂಖ್ಯೆ ಕಡಿಮೆಯೇನಲ್ಲ. ಅವುಗಳಲ್ಲಿ ಹೆಚ್ಚಿನವು ಗುರಿಯಿಟ್ಟಿದ್ದು ಶಾರ್ಕ್‌ನ ರೆಕ್ಕೆಯ ಮೇಲೆ. ಶಾರ್ಕ್ ಸಾಯುತ್ತಿರುವುದು ಮಾತ್ರ ಬಲೆಯಲ್ಲಿ.

ರುಚಿಯಿಲ್ಲದ ರೆಕ್ಕೆಗೆ ದುಬಾರಿ ಬೆಲೆ

ಶಾರ್ಕ್‌ನ ಮೈಯಲ್ಲಿ ಗಟ್ಟಿ ಮೂಳೆ ಎಂಬುದೇ ಇಲ್ಲ. ನಮ್ಮ ಕಿವಿ, ಮೂಗಿನ ತುದಿಗಳಲ್ಲಿರುವಂಥ ಮೃದ್ವಸ್ಥಿಯಿಂದಲೇ ಅದರ ಅಸ್ಥಿಪಂಜರ ರಚನೆಯಾಗಿದೆ. ಈಜುವ ರೆಕ್ಕೆಗಳಿಗೆ ಬಿಗಿ ಕೊಡುವುದು ಒಳಗಿರುವ ಸೂಜಿಯಂಥ ತೆಳು ಎಳೆಗಳು. ರೆಕ್ಕೆಯನ್ನು ಒಣಗಿಸಿ, ನೆನೆಸಿ, ಚರ್ಮ ಸುಲಿದು ಬೇಯಿಸಿದಾಗ ಈ ಎಳೆಗಳು ಪಾರದರ್ಶಕವಾಗಿ ಬಿಡಿಸಿಕೊಳ್ಳುತ್ತವೆ. ನೋಡಲು ಶಾವಿಗೆಯ ಹಾಗೆ. ಚೀನೀ ಭೋಜನದ ಹೆಸರಾಂತ ಶಾರ್ಕ್ ರೆಕ್ಕೆ ಸೂಪಿನ ಜೀವಾಳ ಇದೇ.

ವಿಚಿತ್ರವೆಂದರೆ ಈ ಎಳೆಗಳಿಗೆ ತಮ್ಮದೇ ಆದ ರುಚಿ ಇಲ್ಲ. ಸೂಪಿಗೆ ರುಚಿ ಬರುವುದು ಕೋಳಿ, ಹಂದಿ ಮಾಂಸಗಳನ್ನು ಕುದಿಸಿ ಇಳಿಸಿದ ರಸದಿಂದ. ರೆಕ್ಕೆ ಕೊಡುವುದು ಬಾಯಿಗೆ ಸಿಗುವ ಜಾರುವಿಕೆ ಮತ್ತು ಅತಿಥೇಯನಿಗೆ ಸಿಗುವ ಪ್ರತಿಷ್ಠೆ. ಹಿಂದೆ ಅರಮನೆಯ ಔತಣಗಳಿಗೆ ಸೀಮಿತವಾಗಿದ್ದ ಈ ಖಾದ್ಯ, 1980ರ ದಶಕದ ನಂತರ ಚೀನಾದಲ್ಲಿ ಮಧ್ಯಮ ವರ್ಗದ ಕೈಯಲ್ಲಿ ಹಣ ಓಡಾಡತೊಡಗಿದಂತೆ ಮದುವೆ ಮನೆಗಳ ಊಟಕ್ಕೆ ಇಳಿಯಿತು. ಮಗಳ ಮದುವೆಯಲ್ಲಿ ರೆಕ್ಕೆಯ ಸೂಪು ಬಡಿಸದಿದ್ದರೆ ಬೀಗರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಳುಕು. ನಮ್ಮಲ್ಲಿಯೂ ಮದುವೆಯ ಊಟದ ಎಲೆಯನ್ನು ನೋಡಿ ಮನೆತನವನ್ನು ಅಳೆಯುವವರಿಗೆ ಕೊರತೆಯಿಲ್ಲವಾದ್ದರಿಂದ ಈ ಅಳುಕು ಕನ್ನಡಿಗರಿಗೆ ಅಪರಿಚಿತವೇನಲ್ಲ.

ಈ ವ್ಯಾಪಾರದ ಹೆಬ್ಬಾಗಿಲು ಹಾಂಗ್‌ಕಾಂಗ್. ಜಗತ್ತಿನ ರೆಕ್ಕೆ ವಹಿವಾಟಿನ ಹೆಚ್ಚುಕಡಿಮೆ ಅರ್ಧದಷ್ಟು ಒಂದು ಕಾಲದಲ್ಲಿ ಈ ನಗರದ ಮೂಲಕವೇ ಹಾದುಹೋಗುತ್ತಿತ್ತು. ಅಲ್ಲಿನ ಹರಾಜು ದಾಖಲೆಗಳನ್ನು ಆಧರಿಸಿ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವರ್ಷಕ್ಕೆ 2.6 ಕೋಟಿಯಿಂದ 7.3 ಕೋಟಿ ಶಾರ್ಕ್‌ಗಳ ರೆಕ್ಕೆಗಳು ಜಾಗತಿಕ ಮಾರುಕಟ್ಟೆಗೆ ಬರುತ್ತಿದ್ದವು. ಎಲ್ಲ ರೆಕ್ಕೆಗಳಿಗೂ ಒಂದೇ ಬೆಲೆಯಲ್ಲ. ಸುತ್ತಿಗೆ ತಲೆಯ ಶಾರ್ಕ್, ಗಿಟಾರ್ ಮೀನು ಮತ್ತು ಗರಗಸ ಮೀನುಗಳ ರೆಕ್ಕೆಗಳಲ್ಲಿ ಎಳೆಗಳು ದಪ್ಪವಾಗಿಯೂ ಹೇರಳವಾಗಿಯೂ ಇರುವುದರಿಂದ ಅವುಗಳಿಗೆ ಬೇಡಿಕೆ ಅಧಿಕ. ಯಾವ ಮೀನು ಅಪರೂಪವೋ ಅದರ ರೆಕ್ಕೆಯೇ ದುಬಾರಿ ಎಂಬುದು ಈ ವ್ಯಾಪಾರದ ಕ್ರೂರ ಲೆಕ್ಕ.

ಮುಂಡ ನೀರಿಗೆ, ರೆಕ್ಕೆ ಬೋಟಿಗೆ

ದೂರ ಸಮುದ್ರದಲ್ಲಿ ಟ್ಯೂನಾ ಹಿಡಿಯಲು ಹೋಗುವ ದೊಡ್ಡ ಹಡಗುಗಳು ಮೈಲಿಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳಗಳನ್ನು ಕಟ್ಟಿ ಬಿಡುತ್ತವೆ. ಟ್ಯೂನಾದ ಜೊತೆಗೆ ಶಾರ್ಕ್‌ಗಳೂ ಸಿಕ್ಕಿಬೀಳುತ್ತವೆ. ಹಡಗಿನ ಶೈತ್ಯಾಗಾರದಲ್ಲಿ ಜಾಗ ಸೀಮಿತ. ಅಗ್ಗದ ಶಾರ್ಕ್ ಮಾಂಸವನ್ನು ತುಂಬಿಕೊಂಡರೆ ದುಬಾರಿ ಟ್ಯೂನಾಗೆ ಸ್ಥಳವೆಲ್ಲಿ? ಆದ್ದರಿಂದ ರೆಕ್ಕೆಗಳನ್ನಷ್ಟೇ ಕತ್ತರಿಸಿ ಇಟ್ಟುಕೊಂಡು ಮುಂಡವನ್ನು, ಹಲವು ಬಾರಿ ಜೀವವಿರುವಾಗಲೇ, ನೀರಿಗೆ ಎಸೆಯುವ ಪದ್ಧತಿ ಬೆಳೆಯಿತು. ಇದಕ್ಕೆ ‘ಫಿನ್ನಿಂಗ್’ ಎಂದು ಹೆಸರು. ಹಲವು ಜಾತಿಯ ಶಾರ್ಕ್‌ಗಳು ಈಜುತ್ತಲೇ ಇದ್ದರಷ್ಟೇ ಕಿವಿರುಗಳಿಗೆ ನೀರು ಹರಿದು ಉಸಿರಾಡಬಲ್ಲವು. ರೆಕ್ಕೆ ಕಳೆದುಕೊಂಡ ಶಾರ್ಕ್ ಈಜಲಾರದೆ ತಳಕ್ಕೆ ಮುಳುಗಿ ಉಸಿರುಗಟ್ಟಿ ಸಾಯುತ್ತದೆ.

ಈ ದೃಶ್ಯಗಳು ಟಿ.ವಿ.ಗಳಲ್ಲಿ ಪ್ರಸಾರವಾಗತೊಡಗಿದಾಗ ಜಗತ್ತು ಬೆಚ್ಚಿತು. 2000ನೇ ಇಸವಿಯಲ್ಲಿ ಅಮೆರಿಕವೂ 2003ರಲ್ಲಿ ಐರೋಪ್ಯ ಒಕ್ಕೂಟವೂ ಫಿನ್ನಿಂಗ್ ವಿರುದ್ಧ ಕಾನೂನು ತಂದವು. ಆದರೆ ಅವುಗಳಲ್ಲಿ ತೂತುಗಳಿದ್ದವು. ಹಡಗಿನಲ್ಲಿರುವ ರೆಕ್ಕೆಗಳ ತೂಕವು ಶಾರ್ಕ್‌ಗಳ ದೇಹದ ತೂಕದ ಶೇ 5ರಷ್ಟನ್ನು ಮೀರಬಾರದು ಎಂಬಂಥ ನಿಯಮಗಳನ್ನು ವಂಚಿಸುವುದು ಕಷ್ಟವಾಗಿರಲಿಲ್ಲ. ಒಂದು ಶಾರ್ಕ್‌ನ ದೇಹಕ್ಕೆ ಇನ್ನೊಂದರ ರೆಕ್ಕೆಯನ್ನು ಲೆಕ್ಕ ಹೊಂದಿಸಿದರಾಯಿತು. ಕೊನೆಗೆ, ರೆಕ್ಕೆಗಳು ದೇಹಕ್ಕೆ ಸಹಜವಾಗಿ ಅಂಟಿಕೊಂಡಿರುವ ಸ್ಥಿತಿಯಲ್ಲಿಯೇ ಶಾರ್ಕ್ ಅನ್ನು ದಡಕ್ಕೆ ತರಬೇಕು ಎಂಬ ನಿಯಮವೇ ಸೂಕ್ತವೆಂದು ಒಂದೊಂದಾಗಿ ದೇಶಗಳು ಒಪ್ಪಿಕೊಂಡವು.

ಬೇಡಿಕೆಯ ಕಡೆಯಿಂದಲೂ ಹೊಡೆತ ಬಿತ್ತು. ಬಾಸ್ಕೆಟ್‌ಬಾಲ್ ತಾರೆ ಯಾವೊ ಮಿಂಗ್ 2006ರಿಂದ ರೆಕ್ಕೆಯ ಸೂಪಿನ ವಿರುದ್ಧ ಪ್ರಚಾರಕ್ಕಿಳಿದರು. 2013ರಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್ ಆಡಳಿತಗಳು ಸರ್ಕಾರಿ ಔತಣಗಳಿಂದ ಈ ಖಾದ್ಯವನ್ನು ಕೈಬಿಟ್ಟವು. ಹಾಂಗ್‌ಕಾಂಗ್‌ನ ಆಮದು ಗಣನೀಯವಾಗಿ ಕುಸಿಯಿತು. 2019ರಲ್ಲಿ ಕೆನಡಾ ರೆಕ್ಕೆಗಳ ಆಮದು-ರಫ್ತುಗಳೆರಡನ್ನೂ ನಿಷೇಧಿಸಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ರೆಕ್ಕೆ ಮಾರಾಟವನ್ನೇ ನಿಲ್ಲಿಸುವ ಕಾನೂನು ಮಾಡಿತು.

ಬೂತಾಯಿಯಲ್ಲ, ಶಾರ್ಕ್

ಅಷ್ಟಕ್ಕೂ ಬೇರೆ ಮೀನುಗಳನ್ನು ಹಿಡಿದಂತೆ ಶಾರ್ಕ್ ಹಿಡಿದರೆ ಏನು ತಪ್ಪು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಅದರ ಸಂತಾನ ಕ್ರಮದಲ್ಲಿದೆ. ನಮ್ಮ ಕರಾವಳಿಯ ಬೂತಾಯಿ ಹುಟ್ಟಿದ ವರ್ಷದೊಳಗೆ ಬಲಿತು ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಒಂದು ವರ್ಷ ಬರ ಬಂದರೂ ಮುಂದೆ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿದೆ. ದೊಡ್ಡ ಜಾತಿಯ ಶಾರ್ಕ್‌ಗಳ ಜೀವನ ಸಾಗುವುದು ಮೀನಿನ ವೇಗದಲ್ಲಲ್ಲ, ಆನೆಯ ವೇಗದಲ್ಲಿ. ಪ್ರಾಯಕ್ಕೆ ಬರಲು ಹತ್ತು, ಹದಿನೈದು ವರ್ಷ, ಕೆಲವಕ್ಕೆ ಅದಕ್ಕೂ ಹೆಚ್ಚು ಬೇಕು. ಅನೇಕ ಜಾತಿಗಳು ಮೊಟ್ಟೆಯಿಡದೆ ಮರಿ ಹಾಕುತ್ತವೆ. ಒಂದು ಸೂಲಿಗೆ ಕೆಲವೇ ಮರಿಗಳು. ಉತ್ತರದ ತಂಪು ಕಡಲುಗಳ ‘ಸ್ಪೈನಿ ಡಾಗ್‌ಫಿಶ್’ ಎಂಬ ಸಣ್ಣ ಶಾರ್ಕ್‌ನ ಗರ್ಭಾವಧಿ ಆನೆಯದಕ್ಕೆ ಸರಿಸಮ, ಸುಮಾರು ಎರಡು ವರ್ಷ. ಹೀಗಾಗಿ ಒಮ್ಮೆ ಬರಿದಾದ ಶಾರ್ಕ್ ಸಂತತಿ ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕು.

40 ಕೋಟಿ ವರ್ಷಗಳಿಗೂ ಹಿಂದಿನಿಂದ ಕಡಲಿನಲ್ಲಿರುವ ಈ ವಂಶ ಡೈನೊಸಾರ್‌ಗಳು ಬಂದು ಹೋಗುವುದನ್ನು ಕಂಡಿದೆ. ಆದರೆ ಯಾಂತ್ರಿಕ ಬೋಟುಗಳ ಐವತ್ತು ವರ್ಷಗಳನ್ನು ತಾಳಿಕೊಳ್ಳಲು ಅದಕ್ಕೆ ಸಾಧ್ಯವಾಗುತ್ತಿಲ್ಲ. 1970ರಿಂದೀಚೆಗೆ ದೂರ ಸಮುದ್ರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ 71ರಷ್ಟು ಇಳಿದಿದೆ ಎಂದು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಶಾರ್ಕ್, ತೊರಕೆ ಹಾಗೂ ಅವುಗಳ ಬಂಧುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ.

ಐದು ತಿಂಗಳು ಬಾಳಿದ ಆದೇಶ

ಭಾರತಕ್ಕೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶಗಳಂತೆ, ಈ ಶತಮಾನದ ಮೊದಲ ದಶಕದಲ್ಲಿ ಶಾರ್ಕ್ ಹಿಡಿಯುವುದರಲ್ಲಿ ಇಂಡೊನೇಷ್ಯಾದ ನಂತರದ ಸ್ಥಾನ ಭಾರತದ್ದಾಗಿತ್ತು. ಎರಡೂ ದೇಶಗಳು ಸೇರಿ ಜಗತ್ತಿನ ಐದನೇ ಒಂದು ಭಾಗಕ್ಕೂ ಹೆಚ್ಚು ಶಾರ್ಕ್ ಹಿಡಿಯುತ್ತಿದ್ದವು.

2001ರ ಜುಲೈನಲ್ಲಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿ ಶಾರ್ಕ್, ತೊರಕೆ, ಸ್ಕೇಟ್ ಮೀನುಗಳೆಲ್ಲವನ್ನೂ ಇಡಿಯಾಗಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಅಂದರೆ ಬೆಳಿಗ್ಗೆ ತೊರಕೆ ಮೀನು ಮಾರಿದ ಮೀನುಗಾರ ಮಹಿಳೆ ಸಂಜೆಯ ಹೊತ್ತಿಗೆ ಹುಲಿ ಚರ್ಮ ಮಾರಿದವರ ಸಾಲಿಗೆ ಸೇರಿದಂತಾಯಿತು! ಕರಾವಳಿ ರಾಜ್ಯಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಮೀನುಗಾರರಂತೂ ತಲೆಮಾರುಗಳಿಂದ ಆಳ ಸಮುದ್ರದಲ್ಲಿ ಗಾಳ ಹಾಕಿ ಶಾರ್ಕ್ ಹಿಡಿಯುವುದರಲ್ಲಿಯೇ ಪಳಗಿದವರು. ಕೊಚ್ಚಿಯನ್ನು ನೆಲೆ ಮಾಡಿಕೊಂಡು ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ಅವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಸರ್ಕಾರ ಮಣಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆದೇಶವನ್ನು ತಿದ್ದಿ ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್, ಗರಗಸ ಮೀನು ಮುಂತಾದ ಹತ್ತು ಪ್ರಭೇದಗಳಿಗೆ ರಕ್ಷಣೆಯನ್ನು ಸೀಮಿತಗೊಳಿಸಲಾಯಿತು. ಮೊದಲ ಆದೇಶ ಅವಸರದ್ದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಮೀನುಗಾರರನ್ನು ಒಂದು ಮಾತು ಕೇಳದೆ ದೆಹಲಿಯಲ್ಲಿ ಕುಳಿತು ಕಡಲಿಗೆ ಕಾನೂನು ಬರೆದರೆ ಆಗುವುದು ಇದೇ. ಆದರೆ ತಿದ್ದುಪಡಿಯೂ ಆರಾಮದ ದಾರಿಯನ್ನೇ ಹಿಡಿಯಿತು. ಉಳಿದ ಪ್ರಭೇದಗಳನ್ನು ಎಷ್ಟು, ಎಲ್ಲಿ, ಯಾವ ಗಾತ್ರದಲ್ಲಿ ಹಿಡಿಯಬಹುದು ಎಂಬ ನಡುವಣ ವ್ಯವಸ್ಥೆಯನ್ನು ರೂಪಿಸುವ ಗೋಜಿಗೆ ಅದು ಹೋಗಲಿಲ್ಲ.

ಬಳಿಕ ಬಂದ ಕ್ರಮಗಳು ಜಗತ್ತಿನ ಧಾಟಿಯನ್ನೇ ಅನುಸರಿಸಿದವು. 2013ರ ಆಗಸ್ಟ್‌ನಲ್ಲಿ, ರೆಕ್ಕೆಗಳು ದೇಹಕ್ಕೆ ಅಂಟಿಕೊಂಡಿರುವಂತೆಯೇ ಶಾರ್ಕ್‌ಗಳನ್ನು ದಡಕ್ಕೆ ತರಬೇಕೆಂಬ ನೀತಿ ಪ್ರಕಟವಾಯಿತು. 2015ರ ಫೆಬ್ರುವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಎಲ್ಲ ಪ್ರಭೇದಗಳ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ಅನುಸೂಚಿಗಳಲ್ಲಿ ಇನ್ನಷ್ಟು ಶಾರ್ಕ್, ತೊರಕೆಗಳ ಹೆಸರು ಸೇರಿತು.

ಇಲ್ಲೊಂದು ಸೂಕ್ಷ್ಮವಿದೆ. ರೆಕ್ಕೆ ಕಿತ್ತು ಮುಂಡ ಎಸೆಯುವ ಪದ್ಧತಿ ಭಾರತದ ಕರಾವಳಿಯಲ್ಲಿ ಎಂದೂ ಬೇರೂರಿದ್ದಲ್ಲ. ಇಲ್ಲಿ ಶಾರ್ಕ್ ಇಡಿಯಾಗಿ ದಡಕ್ಕೆ ಬರುತ್ತದೆ, ಏಕೆಂದರೆ ಇಲ್ಲಿ ಅದನ್ನು ತಿನ್ನುವವರಿದ್ದಾರೆ. ತುಳುನಾಡಿನಲ್ಲಿ ‘ತಾಟೆ’, ಗೋವಾದಲ್ಲಿ ‘ಮೋರಿ’, ತಮಿಳುನಾಡಿನಲ್ಲಿ ‘ಸುರಾ’. ಗೋವಾದ ಮನೆಗಳಲ್ಲಿ ಮೋರಿಯ ಆಂಬೊಟ್ ತಿಕ್ ಮಾಡುತ್ತಾರೆ. ತಮಿಳುನಾಡಿನಲ್ಲಿ ಸುರಾ ಪುಟ್ಟು ಬಾಣಂತಿಯರಿಗೆ ಎದೆಹಾಲು ಹೆಚ್ಚಿಸುತ್ತದೆಂಬ ನಂಬಿಕೆಯಿದೆ. ಮಾರಿ ಉಳಿದದ್ದು ಉಪ್ಪು ಬೆರೆತು ಒಣಮೀನಾಗುತ್ತದೆ. ಹೀಗಿರುವಾಗ ‘ಫಿನ್ನಿಂಗ್ ನಿಲ್ಲಿಸಿ’ ಎಂಬ ನಿಯಮ ಬಂದಾಗ ಇಲ್ಲಿನ ಬೋಟುಗಳು ಬದಲಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಇನ್ನೆಲ್ಲಿಯದೋ ರೋಗಕ್ಕೆ ಬರೆದ ಮದ್ದನ್ನು ನಾವು ಕುಡಿದೆವು.

ಕಾಗದದ ಮೇಲೆ ಒಣಮೀನು, ಚೀಲದೊಳಗೆ ರೆಕ್ಕೆ

ರಫ್ತು ನಿಷೇಧದಿಂದ ರೆಕ್ಕೆಯ ವ್ಯಾಪಾರ ನಿಂತಿತೇ? 2018ರ ಸೆಪ್ಟೆಂಬರ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಮುಂಬಯಿ ಮತ್ತು ಗುಜರಾತಿನ ವೆರಾವಲ್‌ನ ಗೋದಾಮುಗಳ ಮೇಲೆ ದಾಳಿ ನಡೆಸಿದಾಗ ಸಿಕ್ಕಿದ್ದು 8 ಸಾವಿರ ಕಿಲೋ ಶಾರ್ಕ್ ರೆಕ್ಕೆ. ನಾಲ್ವರು ಬಂಧಿತರಾದರು. ಬೇರೆ ಒಣ ಸಮುದ್ರೋತ್ಪನ್ನದ ಹೆಸರಿನಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್‌ಗೆ ಸರಕು ರವಾನೆಯಾಗುತ್ತಿತ್ತು.

ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ‘ಟ್ರಾಫಿಕ್’ ಸಂಸ್ಥೆ ಮತ್ತು ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ ಕಲೆಹಾಕಿದ ಮಾಹಿತಿಯಂತೆ 2010ರಿಂದ 2022ರವರೆಗೆ ದೇಶದಲ್ಲಿ ವಶವಾದ ಶಾರ್ಕ್ ಉತ್ಪನ್ನಗಳ ತೂಕ ಸುಮಾರು 16 ಸಾವಿರ ಕಿಲೋ. ಪ್ರಕರಣಗಳಲ್ಲಿ ಹೆಚ್ಚಿನವು ತಮಿಳುನಾಡಿನವು. ಕರ್ನಾಟಕ, ಕೇರಳ, ಮಹಾರಾಷ್ಟ್ರ, ಗುಜರಾತ್‌ಗಳ ಹೆಸರೂ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದದ್ದರ ಲೆಕ್ಕವಿದು. ಕಣ್ತಪ್ಪಿಸಿ ಹೋದದ್ದಕ್ಕೆ ಲೆಕ್ಕ ಇಟ್ಟವರಿಲ್ಲ.

ಕಸ್ಟಮ್ಸ್ ಅಧಿಕಾರಿಯ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು. ಒಣಗಿ ಮುರುಟಿದ ರೆಕ್ಕೆಯನ್ನು ಕೈಯಲ್ಲಿ ಹಿಡಿದು ಇದು ಯಾವ ಪ್ರಭೇದದ್ದು ಎಂದು ಹೇಳುವುದು ಪರಿಣತರಿಗೂ ಸುಲಭವಲ್ಲ. ಚರ್ಮ ಸುಲಿದಿದ್ದರಂತೂ ಡಿಎನ್‌ಎ ಪರೀಕ್ಷೆಯೇ ಗತಿ. ವಿನಾಶದಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಒಪ್ಪಂದ 2013ರ ಬ್ಯಾಂಕಾಕ್ ಸಭೆಯಲ್ಲಿ ಸುತ್ತಿಗೆ ತಲೆಯ ಶಾರ್ಕ್‌ಗಳು ಸೇರಿದಂತೆ ಬೆರಳೆಣಿಕೆಯ ಪ್ರಭೇದಗಳನ್ನು ಪಟ್ಟಿಗೆ ಸೇರಿಸಿತ್ತು. 2022ರಲ್ಲಿ ಪನಾಮಾದಲ್ಲಿ ನಡೆದ ಸಭೆ ಒಂದು ಹೆಜ್ಜೆ ಮುಂದೆ ಹೋಗಿ, ‘ರೆಕ್ವಿಯಂ’ ಶಾರ್ಕ್‌ಗಳ ಇಡೀ ಕುಟುಂಬವನ್ನೇ ನಿಯಂತ್ರಣಕ್ಕೆ ತಂದಿತು. ಪ್ರಭೇದ ಗುರುತಿಸುವ ಗೊಂದಲವನ್ನು ತಪ್ಪಿಸಲು ಇದು ಜಾಣ ಉಪಾಯವೇ. ಆದರೂ ಹಾಂಗ್‌ಕಾಂಗ್‌ನ ಬಂದರಿನಲ್ಲಿ 2020ರಲ್ಲಿ ಎರಡು ಕಂಟೇನರ್‌ಗಳನ್ನು ತೆರೆದಾಗ 26 ಟನ್ ರೆಕ್ಕೆ, ಅಂದರೆ ಸುಮಾರು 38,500 ಶಾರ್ಕ್‌ಗಳ ರೆಕ್ಕೆ ಸಿಕ್ಕಿತ್ತೆಂಬುದನ್ನು ನೆನೆದರೆ ಕಳ್ಳದಾರಿಯ ಅಗಲ ಎಷ್ಟೆಂಬುದು ತಿಳಿಯುತ್ತದೆ. ಆ ಸರಕು ಬಂದದ್ದು ಈಕ್ವೆಡಾರ್‌ನಿಂದ.

ಕಾನೂನು ಹೆಚ್ಚಿತು, ಸಾವೂ ಹೆಚ್ಚಿತು

ಫಿನ್ನಿಂಗ್ ವಿರೋಧಿ ಕಾನೂನುಗಳು ಒಟ್ಟಾರೆ ಎಷ್ಟು ಫಲ ಕೊಟ್ಟವು ಎಂಬ ಪ್ರಶ್ನೆಗೆ 2024ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಕಹಿ ಉತ್ತರ ನೀಡಿತು. 2012ರಲ್ಲಿ ಮೀನುಗಾರಿಕೆಯಿಂದ ಸತ್ತ ಶಾರ್ಕ್‌ಗಳ ಅಂದಾಜು ಸಂಖ್ಯೆ 7.6 ಕೋಟಿ. 2019ರಲ್ಲಿ ಅದು ಕನಿಷ್ಠ 8 ಕೋಟಿ. ಇವುಗಳಲ್ಲಿ ಸುಮಾರು 2.5 ಕೋಟಿ ಶಾರ್ಕ್‌ಗಳು ಅಳಿವಿನ ಭೀತಿಯಲ್ಲಿರುವ ಪ್ರಭೇದಗಳಿಗೆ ಸೇರಿದವು. ಇದೇ ಅವಧಿಯಲ್ಲಿ ಜಗತ್ತಿನಾದ್ಯಂತ ಫಿನ್ನಿಂಗ್ ವಿರೋಧಿ ನಿಯಮಗಳು ಹಲವು ಪಟ್ಟು ಹೆಚ್ಚಿದ್ದವು.

ಹೀಗೇಕಾಯಿತು? ಶಾರ್ಕ್ ಅನ್ನು ಇಡಿಯಾಗಿ ದಡಕ್ಕೆ ತರಬೇಕೆಂದಾಗ ಬೋಟುಗಳು ಇಡಿಯಾಗಿಯೇ ತಂದವು. ತಂದ ಮೇಲೆ ಮಾರಬೇಕಲ್ಲ? ಹಿಂದೆ ಸಮುದ್ರಕ್ಕೆ ಎಸೆಯುತ್ತಿದ್ದ ಮಾಂಸಕ್ಕೆ ಪೇಟೆ ಹುಟ್ಟಿಕೊಂಡಿತು. ಕ್ರೌರ್ಯ ಕಡಿಮೆಯಾಯಿತು, ವ್ಯರ್ಥವಾಗುವುದು ತಪ್ಪಿತು, ಸಂಖ್ಯೆ ಇಳಿಯಲಿಲ್ಲ. ದೂರ ಸಮುದ್ರದಲ್ಲಿ ಸಾವು ಸ್ವಲ್ಪ ತಗ್ಗಿದ್ದರೆ, ದೇಶಗಳ ಸ್ವಂತ ಕರಾವಳಿಯ ನೀರಿನಲ್ಲಿ ಏರಿತ್ತು. ಎಲ್ಲಿ ಶಾರ್ಕ್ ಹಿಡಿಯುವುದನ್ನೇ ಅಥವಾ ಬೋಟಿನಲ್ಲಿ ಇಟ್ಟುಕೊಳ್ಳುವುದನ್ನೇ ತಡೆಯಲಾಗಿತ್ತೋ ಅಲ್ಲಿ ಮಾತ್ರ ಫಲ ಕಂಡುಬಂದಿತು. 2009ರಲ್ಲಿ ಪಲಾವು ಎಂಬ ಪುಟ್ಟ ದ್ವೀಪ ರಾಷ್ಟ್ರ ತನ್ನ ಇಡೀ ಜಲಪ್ರದೇಶವನ್ನು ಶಾರ್ಕ್ ಅಭಯಧಾಮವೆಂದು ಸಾರಿತ್ತು. ನಮ್ಮ ನೆರೆಯ ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿತು.

ಹಾಗೆಂದು ಮಾಲ್ಡೀವ್ಸ್ ಮಾದರಿಯನ್ನು ಮಂಗಳೂರಿಗೆ ತಂದು ಅಂಟಿಸಲಾಗದು. ಅಲ್ಲಿನವರು ಟ್ಯೂನಾವನ್ನು ಒಂದೊಂದಾಗಿ ಗಾಳದ ಕೋಲಿನಿಂದ ಹಿಡಿಯುತ್ತಾರೆ. ಶಾರ್ಕ್ ನೋಡಲೆಂದೇ ಹಣ ಕೊಟ್ಟು ನೀರಿಗಿಳಿಯುವ ಪ್ರವಾಸಿಗರಿದ್ದಾರೆ. ನಮ್ಮ ಟ್ರಾಲ್ ಬೋಟು ಗಂಟೆಗಟ್ಟಲೆ ಎಳೆಯುವ ಬಲೆಯಲ್ಲಿ ಸಿಗಡಿ, ಬೊಂಡಾಸ್, ಮದಿಮಾಲ್, ತೊರಕೆ, ತಾಟೆ ಎಲ್ಲವೂ ಒಂದಾಗಿ ಬೀಳುತ್ತವೆ. ಬಲೆ ಮೇಲೇರುವ ಹೊತ್ತಿಗೆ ಶಾರ್ಕ್ ಸತ್ತಿರುತ್ತದೆ ಅಥವಾ ಸಾಯುತ್ತಿರುತ್ತದೆ. ಅದನ್ನು ನೀರಿಗೆ ಮರಳಿಸಿ ಎಂದು ಆಜ್ಞೆ ಮಾಡಿದರೆ ಹೆಣವನ್ನು ಮರಳಿಸಿದಂತಾಗುತ್ತದೆಯೇ ಹೊರತು ಶಾರ್ಕ್ ಬದುಕುವುದಿಲ್ಲ.

2015ರ ನಿಷೇಧದ ನಂತರ ರೆಕ್ಕೆಯಿಂದ ಸಿಗುತ್ತಿದ್ದ ಆದಾಯ ಮೀನುಗಾರರಿಗೆ ಖೋತಾ ಆಯಿತು. ಆದರೆ ಆ ಆದಾಯವಿಲ್ಲದೆಯೂ ಶಾರ್ಕ್ ಬಲೆಗೆ ಬೀಳುತ್ತದೆ, ಮಾಂಸಕ್ಕೆ ಗಿರಾಕಿಗಳಿದ್ದಾರೆ. ಪ್ರವಾಸಿ ತಾಣಗಳ ಹೋಟೆಲುಗಳಲ್ಲಿ ‘ಬೇಬಿ ಶಾರ್ಕ್’ ಎಂಬ ಹೆಸರಿನಲ್ಲಿ ಬಡಿಸುವ ಖಾದ್ಯಕ್ಕೆ ಮೆದು ಮಾಂಸದ ಸಣ್ಣ ಶಾರ್ಕ್‌ಗಳೇ ಬೇಕು. ಆಳ ಸಮುದ್ರದ ಶಾರ್ಕ್‌ಗಳ ಪಿತ್ತಜನಕಾಂಗದಿಂದ ತೆಗೆಯುವ ಎಣ್ಣೆಗೆ ಸೌಂದರ್ಯ ಸಾಧನಗಳ ಉದ್ಯಮದಲ್ಲಿ ಬೇಡಿಕೆಯಿದೆ. ರೆಕ್ಕೆಯ ನಿಷೇಧ ಇವಾವುದನ್ನೂ ಮುಟ್ಟುವುದಿಲ್ಲ.

‘ಬ್ಯಾರಲ್’ ಮಗಳಾದ ಬಗೆ

ಬಲೆಯ ಮಟ್ಟದಲ್ಲಿಯೇ ಶಾರ್ಕ್ ಉಳಿಸಲು ಸಾಧ್ಯವೇ ಇಲ್ಲವೆನ್ನುವವರು ಸೌರಾಷ್ಟ್ರದ ಕಡೆ ನೋಡಬೇಕು. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಗುಜರಾತ್ ಕರಾವಳಿಗೆ ಬರುತ್ತದೆ. ಹೆಸರಿಗಷ್ಟೇ ಭಯಂಕರ; ಬಾಯಿ ತೆರೆದು ನೀರು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುವ ಸಾಧು ಪ್ರಾಣಿ. ಹಿಂದೆ ದೋಣಿಗಳಿಗೆ ಬಳಿಯಲು ಅದರ ಪಿತ್ತಜನಕಾಂಗದ ಎಣ್ಣೆ ತೆಗೆಯುತ್ತಿದ್ದರು. ಮಾಂಸಕ್ಕೆ ವಿದೇಶಿ ಬೇಡಿಕೆ ಕುದುರಿದ ಮೇಲೆ ಬೇಟೆ ಜೋರಾಯಿತು. ಗಾಳ ಕಚ್ಚಿದ ಶಾರ್ಕ್ ದಣಿಯಲೆಂದು ಪೀಪಾಯಿಗಳನ್ನು ಕಟ್ಟಿ ಬಿಡುತ್ತಿದ್ದುದರಿಂದ ಮೀನುಗಾರರು ಆ ಮೀನನ್ನೇ ‘ಬ್ಯಾರಲ್’ ಎಂದು ಕರೆಯುತ್ತಿದ್ದರು.

ಚಿತ್ರ ನಿರ್ದೇಶಕ ಮೈಕ್ ಪಾಂಡೆ ಈ ಹತ್ಯೆಯನ್ನು ತಮ್ಮ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರದಲ್ಲಿ ತೋರಿಸಿದ ಬಳಿಕ, 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್‌ಗೆ ಕಾನೂನಿನ ರಕ್ಷಣೆ ದೊರೆಯಿತು. ದೇಶದಲ್ಲಿ ಈ ಗೌರವ ಪಡೆದ ಮೊದಲ ಮೀನು ಅದು. ಆದರೆ ಪರಿಸ್ಥಿತಿ ನಿಜವಾಗಿ ಬದಲಾದದ್ದು 2004ರ ನಂತರ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಗುಜರಾತ್ ಅರಣ್ಯ ಇಲಾಖೆಯ ಜೊತೆಗೂಡಿ ಆರಂಭಿಸಿದ ಆಂದೋಲನಕ್ಕೆ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ದನಿಗೂಡಿಸಿದರು. ಇದು ಹೆರಿಗೆಗೆಂದು ತವರಿಗೆ ಬಂದ ಮಗಳು, ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂಬ ಅವರ ಪ್ರಶ್ನೆ ಕರಾವಳಿಯ ಮನೆಮನೆಗೂ ತಲುಪಿತು. ಬ್ಯಾರಲ್ ಎಂಬ ಹೆಸರು ಹೋಗಿ ‘ವ್ಹಾಲಿ’, ಅಂದರೆ ಮುದ್ದಿನವಳು ಎಂಬ ಹೆಸರು ಬಂದಿತು.

ಭಾವನೆಯೊಂದೇ ಕೆಲಸ ಮಾಡಿದ್ದರೆ ಅದು ಎರಡು ವರ್ಷದಲ್ಲಿ ಆರಿಹೋಗುತ್ತಿತ್ತು. ಶಾರ್ಕ್ ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿದ್ದು ನಿರ್ಣಾಯಕವಾಯಿತು. ಮೀನುಗಾರರ ಕೈಗೆ ಕ್ಯಾಮೆರಾ ಕೊಟ್ಟು ಬಿಡುಗಡೆಯನ್ನು ಅವರೇ ದಾಖಲಿಸುವಂತೆ ಮಾಡಲಾಯಿತು. ಅಧಿಕಾರಿ ದೋಣಿಯೇರಿ ಬರುವವರೆಗೆ ಕಾಯಬೇಕಾಗಿಲ್ಲ. ನೂರಾರು ತಿಮಿಂಗಿಲ ಶಾರ್ಕ್‌ಗಳು ಹೀಗೆ ಬಲೆಯಿಂದ ಕಡಲಿಗೆ ಮರಳಿವೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬಸ್ಸಿನಷ್ಟು ದೊಡ್ಡದಾದ, ಮೈತುಂಬ ಚುಕ್ಕೆಗಳಿರುವ, ಬಲೆಯೊಳಗೂ ಜೀವ ಹಿಡಿದುಕೊಂಡಿರುವ ಒಂದೇ ಜಾತಿಯ ಮೀನನ್ನು ಗುರುತಿಸಿ ಬಿಡುವುದು ಬೇರೆ. ಭಾರತದ ಕಡಲುಗಳಲ್ಲಿರುವ ಸುಮಾರು 160 ಜಾತಿಯ ಶಾರ್ಕ್, ತೊರಕೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಕತ್ತಲೆಯಲ್ಲಿ, ಓಲಾಡುವ ಬೋಟಿನ ಮೇಲೆ ನಿಂತು ಆರಿಸುವುದು ಬೇರೆ. ಆದರೆ ಗರಗಸ ಮೀನನ್ನು ಗುರುತಿಸಲು ಯಾವ ಪರಿಣತಿಯೂ ಬೇಕಿಲ್ಲ. ಮಲ್ಪೆಯಲ್ಲಿ ಅಂದು ಸೇರಿದ್ದ ಮಕ್ಕಳಿಗೂ ಅದು ತಿಳಿಯುವಂತಿತ್ತು. ಅಂಥ ಕೆಲವೇ ಜೀವಿಗಳಿಗಾದರೂ ಗುಜರಾತ್ ಮಾದರಿಯ ಪರಿಹಾರವನ್ನು ಕರ್ನಾಟಕದ ಕರಾವಳಿಗೆ ವಿಸ್ತರಿಸಿದರೆ ತಗಲುವ ವೆಚ್ಚ, ಒಂದು ಜೆಟ್ಟಿಯ ದುರಸ್ತಿಗೆ ತಗಲುವಷ್ಟೂ ಆಗಲಾರದು.

ಬುಟ್ಟಿಯೊಳಗಿನ ಎರಡು ಮೀನು

ಉಳಿದ ಶಾರ್ಕ್‌ಗಳ ಪ್ರಶ್ನೆ ಇನ್ನಷ್ಟು ಜಟಿಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೇರಳವಾಗಿ ಸಿಗುವ, ಸನಿಕೆಯಂಥ ಚಪ್ಪಟೆ ಮೂತಿಯ ಸಣ್ಣ ಶಾರ್ಕ್ ಒಂದಿದೆ. ಬಲಿತರೂ ಎರಡು ಅಡಿಯ ಆಸುಪಾಸಿನಲ್ಲಿಯೇ ಉಳಿಯುವ ಇದು ಒಂದೆರಡು ವರ್ಷಗಳಲ್ಲಿ ಪ್ರಾಯಕ್ಕೆ ಬಂದು ಒಂದು ಸೂಲಿಗೆ ಹತ್ತರ ಆಸುಪಾಸು ಮರಿ ಹಾಕುತ್ತದೆ. ಶಾರ್ಕ್‌ಗಳ ಪೈಕಿ ಮೀನುಗಾರಿಕೆಯನ್ನು ಒಂದಿಷ್ಟು ತಾಳಿಕೊಳ್ಳಬಲ್ಲ ಜಾತಿ. ಶಾರ್ಕ್ ಎಂದರೆ ಮುಟ್ಟಲೇಬಾರದು ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ. ಇದನ್ನು ನಂಬಿಕೊಂಡ ಸಣ್ಣ ಮೀನುಗಾರರಿಂದ, ಬುಟ್ಟಿಯಲ್ಲಿ ಹೊತ್ತು ಮಾರುವ ಮಹಿಳೆಯರಿಂದ ಅದನ್ನು ಕಿತ್ತುಕೊಳ್ಳುವುದು ನ್ಯಾಯವೂ ಅಲ್ಲ.

ಆದರೆ ಅದೇ ಬುಟ್ಟಿಯಲ್ಲಿ, ಅದೇ ಎರಡು ಅಡಿ ಉದ್ದದ ಇನ್ನೊಂದು ಶಾರ್ಕ್ ಇರುತ್ತದೆ. ಅದು ಬಲಿತ ಮೀನಲ್ಲ. ಏಳೆಂಟು ಅಡಿ ಬೆಳೆಯಬೇಕಾಗಿದ್ದ, ಹುಟ್ಟಿ ಕೆಲವು ವಾರಗಳಷ್ಟೇ ಆಗಿರುವ ಮರಿ. ಕಪ್ಪು ತುದಿ ರೆಕ್ಕೆಯ ಶಾರ್ಕ್‌ನದೋ, ಸುತ್ತಿಗೆ ತಲೆಯದೋ ಇರಬಹುದು. ದೊಡ್ಡ ಶಾರ್ಕ್‌ಗಳು ಮರಿ ಹಾಕಲು ದಡದ ಸಮೀಪದ ತಿಳಿ ಆಳದ ನೀರನ್ನು ಅರಸಿ ಬರುತ್ತವೆ. ಬೋಟುಗಳ ದಟ್ಟಣೆ ಹೆಚ್ಚಾಗಿರುವುದೂ ಅಲ್ಲಿಯೇ. ತಲೆ ಕತ್ತರಿಸಿ ಚರ್ಮ ಸುಲಿದ ಮೇಲೆ ಇವೆರಡೂ ಒಂದೇ. ಮಾರುವವರಿಗೆ ಒಂದೇ ಬೆಲೆ, ಕೊಳ್ಳುವವರಿಗೆ ಒಂದೇ ರುಚಿ, ಇಲಾಖೆಯ ಪುಸ್ತಕದಲ್ಲಿ ಒಂದೇ ಹೆಸರು: ಶಾರ್ಕ್.

ಮರಿ ಹಾಕುವ ತಾಣಗಳನ್ನು ಗುರುತಿಸಿ ಆ ತಿಂಗಳುಗಳಲ್ಲಿ ಅಲ್ಲಿ ಬಲೆ ಬೀಸದಿರುವುದು, ಇಷ್ಟು ಗಾತ್ರಕ್ಕಿಂತ ಕಡಿಮೆಯ ಶಾರ್ಕ್ ಮಾರಾಟವನ್ನು ಜಾತಿವಾರು ತಡೆಯುವುದು, ಇವು ಕಡಲ ವಿಜ್ಞಾನಿಗಳು ಮುಂದಿಡುತ್ತ ಬಂದಿರುವ ದಾರಿಗಳು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2015ರಲ್ಲಿಯೇ ಶಾರ್ಕ್ ಸಂರಕ್ಷಣೆಯ ರಾಷ್ಟ್ರೀಯ ಕ್ರಿಯಾ ಯೋಜನೆಗೆ ಮಾರ್ಗಸೂಚಿಯನ್ನು ಸಿದ್ಧಪಡಿಸಿತ್ತು. ರೆಕ್ಕೆಯ ಚೀಲವನ್ನು ವಿಮಾನ ನಿಲ್ದಾಣದಲ್ಲಿ ಹಿಡಿಯುವುದು ಕಸ್ಟಮ್ಸ್ ಇಲಾಖೆಯ ಕೆಲಸ. ಬಲೆಯ ಕಣ್ಣಿನ ಅಳತೆ, ಬೋಟುಗಳ ಓಡಾಟ, ಮರಿಗಳ ತಾಣ ಇವೆಲ್ಲ ಕರಾವಳಿಗೆ ಹೊಂದಿದ ಕಡಲಿನಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯ ವ್ಯಾಪ್ತಿಗೆ, 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಗತಿಗಳು.

ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಯಾಂತ್ರಿಕ ಬೋಟುಗಳು 61 ದಿನ ದಕ್ಕೆಗಳಲ್ಲಿ ಲಂಗರು ಹಾಕಿರುತ್ತವೆ. ಮೀನುಗಳ ಸಂತಾನಾಭಿವೃದ್ಧಿಗೆಂದು ಮಾಡಿದ ಈ ರಜೆಯನ್ನು ಮೀನುಗಾರರು ಗೊಣಗುತ್ತಲೇ ಆದರೂ ಪಾಲಿಸಿಕೊಂಡು ಬಂದಿದ್ದಾರೆ. ಆಗಸ್ಟ್ ಒಂದರಂದು ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಕೆಲವೇ ದಿನಗಳಲ್ಲಿ ಮೊದಲ ಬುಟ್ಟಿಗಳು ದಕ್ಕೆಗೆ ಬರುತ್ತವೆ. ಬಂಗುಡೆ, ಸಿಗಡಿಗಳ ನಡುವೆ ತಾಟೆಯ ಮರಿಗಳೂ ಇರುತ್ತವೆ.